ಬೀಜದೊಳಗಿನ ಶಾವಿಗೆ

ಹುಡುಗ ಹೊಟ್ಟೆನೋವು ಅಂದ. ಡೊಂಬಿವಲಿಯಲ್ಲಿರುವ ನನ್ನ ತಂಗಿಯ ಮಗ, ಹದಿಮೂರು ವರ್ಷ. ರಾತ್ರಿ ಎಂಟಕ್ಕೆ ನೋವು ಶುರುವಾಗಿತ್ತು, ಒಂದು ಸಲ ವಾಂತಿಯೂ ಆಗಿತ್ತು. ತಂಗಿ ಓಮದ ನೀರು ಕುಡಿಸಿದಳು. ಕಡಿಮೆಯಾಗಲಿಲ್ಲ. ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಗ್ಯಾಸ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಚಡ್ಡಿ ಇಳಿಸಿ ನೋಡುವ ಗೋಜಿಗೆ ಹೋಗಲಿಲ್ಲ.

ನಾನು ಪರೇಲಿನ ಲ್ಯಾಬಿನಲ್ಲಿ ಎರಡನೇ ಪಾಳಿ ಮುಗಿಸಿ ಹನ್ನೊಂದರ ಹೊತ್ತಿಗೆ ಅವರ ಮನೆ ತಲುಪಿದೆ. ಹುಡುಗ ಮೊಣಕಾಲು ಎದೆಗೆ ಮಡಚಿಕೊಂಡು ಮಗ್ಗುಲಾಗಿ ಮಲಗಿದ್ದ. ತಂಗಿ ಅಡುಗೆಮನೆಗೆ ಹೋದದ್ದೇ ತಡ, ಪಿಸುಗುಟ್ಟಿದ: "ಮಾವ, ಕೆಳಗೂ ನೋಯ್ತದೆ. ಅಮ್ಮನಿಗೆ ಹೇಳ್ಬೇಡಿ."

ಹೇಳಲೇಬೇಕಾಯಿತು. ಆಟೋ ಹಿಡಿದು ದೊಡ್ಡ ಆಸ್ಪತ್ರೆಗೆ ಓಡಿದೆವು. ಅಲ್ಲಿದ್ದ ಸರ್ಜನ್ ಹುಡುಗಿಯ ವಯಸ್ಸು ನೋಡಿದರೆ ಈಗಷ್ಟೇ ಓದು ಮುಗಿಸಿದಂತಿತ್ತು. ಆಕೆ ಹುಡುಗನ ತೊಡೆಯ ಒಳಭಾಗವನ್ನು ಬೆರಳಿನಿಂದ ಮೆಲ್ಲಗೆ ಸವರಿದಳು. ಬಲಗಡೆ ಸವರಿದಾಗ ಬಲಬೀಜ, ಅಂದರೆ ಆ ಕಡೆಯ ವೃಷಣ, ಚಕ್ಕನೆ ಮೇಲಕ್ಕೆ ಎಳೆದುಕೊಂಡಿತು. ಎಡಗಡೆ ಏನೂ ಆಗಲಿಲ್ಲ. ಎಡಬೀಜ ಆಗಲೇ ಮೇಲೇರಿ, ಅಡ್ಡಡ್ಡ ಮಲಗಿತ್ತು. ಡಾಪ್ಲರ್ ಸ್ಕ್ಯಾನ್‌ನಲ್ಲಿ ಆ ಕಡೆ ರಕ್ತದ ಓಡಾಟವೇ ಕಾಣಲಿಲ್ಲ. ಒಂದೂವರೆಗೆ ಆಪರೇಷನ್ ಟೇಬಲ್ ಮೇಲಿದ್ದ. ಬೀಜ ತನ್ನ ಹುರಿಯ ಮೇಲೆ ತಾನೇ ಸುತ್ತಿಕೊಂಡು ರಕ್ತ ನಿಂತುಹೋಗುವ ಇದಕ್ಕೆ ಟಾರ್ಷನ್ ಎನ್ನುತ್ತಾರೆ. ಆರು ಗಂಟೆಯೊಳಗೆ ಬಿಡಿಸಿದರೆ ಸಾಮಾನ್ಯವಾಗಿ ಬೀಜ ಉಳಿಯುತ್ತದೆ. ಇಡೀ ದಿನ ಕಳೆದರೆ ಉಳಿಯುವುದು ಅಪರೂಪ. ನಾವು ನೋವು ಶುರುವಾದ ಐದೂವರೆ ಗಂಟೆಯೊಳಗೆ ತಲುಪಿದ್ದೆವು. ಹುರಿ ಬಿಡಿಸಿ, ಬಿಸಿ ಸಲೈನಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಕಾದರಂತೆ. ಕಪ್ಪು ನೀಲಿಯಾಗಿದ್ದದ್ದು ನಿಧಾನಕ್ಕೆ ಕೆಂಪಾಯಿತಂತೆ.

ಬೆಳಿಗ್ಗೆ ಹೊರಗೆ ಚಹಾ ಕುಡಿಯುತ್ತಾ ಭಾವ ಒಂದು ಪ್ರಶ್ನೆ ಕೇಳಿದರು. ತಿರುಚಿಕೊಂಡದ್ದು ಕೆಳಗೆ, ನೋವು ಹೊಟ್ಟೆಯಲ್ಲಿ ಯಾಕೆ? ಹುಡುಗ ನಾಚಿಕೆಗೆ ಸುಳ್ಳು ಹೇಳಿದನಾ?

ಸುಳ್ಳು ಹೇಳಿರಲಿಲ್ಲ. ಅವನಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತಿತ್ತು. ಯಾಕೆಂದರೆ ಬೀಜದ ಮೂಲ ಊರು ಹೊಟ್ಟೆ.

ಊರು ಬಿಟ್ಟು ಬಂದು ಮುಂಬೈಯಲ್ಲಿ ಕೂತ ನಮ್ಮಂಥವರಿಗೆ ಇದನ್ನು ವಿವರಿಸುವುದು ಸುಲಭ. ತಾಯಿ ಹೊಟ್ಟೆಯಲ್ಲಿ ಗಂಡುಮಗುವಿನ ಬೀಜ ಹುಟ್ಟುವುದು ಬೆನ್ನಿನ ಗೋಡೆಗೆ ಅಂಟಿಕೊಂಡು, ಕಿಡ್ನಿಯ ಪಕ್ಕದಲ್ಲಿ. ಅದು ಅಲ್ಲಿಂದ ಮೆಲ್ಲಗೆ ಕೆಳಗಿಳಿಯುತ್ತದೆ. ಏಳನೇ ತಿಂಗಳ ಹೊತ್ತಿಗೆ ತೊಡೆಸಂದಿಯ ಓಣಿಯಲ್ಲಿ ನುಸುಳಿ, ಹೆರಿಗೆಯ ಹೊತ್ತಿಗೆ ಚೀಲಕ್ಕೆ ಬಂದು ಸೇರುತ್ತದೆ. ಆದರೆ ಮನೆ ಬದಲಾಯಿಸಿತೇ ಹೊರತು ರೇಷನ್ ಕಾರ್ಡ್ ಬದಲಾಯಿಸಲಿಲ್ಲ. ರಕ್ತ ಬರುವುದು ಈಗಲೂ ಕಿಡ್ನಿಯ ಮಟ್ಟದಲ್ಲಿ, ಹೊಟ್ಟೆಯ ಮಹಾಧಮನಿಯಿಂದ. ನರ ಬರುವುದು ಹೊಕ್ಕಳಿನ ಸುತ್ತಮುತ್ತಲಿನ ಚರ್ಮಕ್ಕೆ ಹೋಗುವ ನರಗಳ ಜೊತೆಯಲ್ಲಿ. ಹಾಗಾಗಿ ಬೀಜಕ್ಕೆ ಪೆಟ್ಟು ಬಿದ್ದರೆ ಮಿದುಳಿಗೆ ಅದು ಹೊಟ್ಟೆಯಿಂದ ಬಂದ ದೂರು ಎಂದೇ ಕೇಳಿಸುತ್ತದೆ. ಗಲ್ಲಿ ಕ್ರಿಕೆಟ್‌ನಲ್ಲಿ ಚೆಂಡು ಅಲ್ಲಿಗೆ ಬಡಿದವರು ಹೊಟ್ಟೆ ಹಿಡಿದು ಕೂರುವುದನ್ನು ನೋಡಿದ್ದೀರಲ್ವಾ? ಇದರ ಉಲ್ಟಾ ಕೂಡ ನಿಜ. ಕಿಡ್ನಿಯ ಕಲ್ಲು ಜಾರುವಾಗ ಏನೂ ಆಗದ ಬೀಜ ಸಿಡಿಯುವಂತೆ ನೋಯುತ್ತದೆ.

ಭೆಂಡಿ ಬಜಾರ್ ಕಡೆ ರಾತ್ರಿ ಹೊತ್ತು ತವಾದ ಮೇಲೆ ಟಕಟಕ ಸದ್ದು ಮಾಡಿ ಕೊಚ್ಚುವ ಗುರ್ದಾ ಕಪೂರಾ ಅನ್ನುವ ತಿಂಡಿ ಇದೆ. ಗುರ್ದಾ ಎಂದರೆ ಕಿಡ್ನಿ, ಕಪೂರಾ ಎಂದರೆ ಆಡಿನ ಬೀಜ. ಹಳೆಯ ನೆರೆಹೊರೆಯವರು ತವಾದ ಮೇಲೆ ಮತ್ತೆ ಸೇರುತ್ತಾರೆ. ನಾನು ತಿನ್ನುವವನಲ್ಲ, ಆದರೆ ಕಸಾಯಿ ಅದನ್ನು ಸುಲಿಯುವುದನ್ನು ನಿಂತು ನೋಡಿದ್ದೇನೆ. ಅಂಗರಚನೆ ಕಲಿಯಲು ಅದಕ್ಕಿಂತ ಸಲೀಸಾದ ಪಾಠ ಇಲ್ಲ.

ಇಲ್ಲಿ ಪದದ ಮಾತು ಒಂದಿಷ್ಟು. ಪಠ್ಯಪುಸ್ತಕ ವೃಷಣ ಎನ್ನುತ್ತದೆ. ಊರಲ್ಲಿ ತರಡು ಅನ್ನುತ್ತಿದ್ದರು, ಬೀಜ ಅನ್ನುತ್ತಿದ್ದರು. ನಾವು ಮನೆಯಲ್ಲಿ 'ಕೆಳಗೆ' ಅನ್ನುತ್ತೇವೆ. ಹೆಸರಿಲ್ಲದ ಅಂಗಕ್ಕೆ ಕಾಯಿಲೆ ಬಂದರೆ ದೂರು ಕೊಡುವುದು ಹೇಗೆ? ನಾನು ಬೀಜ ಎಂದೇ ಬರೆಯುತ್ತೇನೆ.

ನನ್ನ ಕೆಲಸ ಹಿಸ್ಟೋಪೆಥಾಲಜಿ ಲ್ಯಾಬಿನಲ್ಲಿ. ಆಸ್ಪತ್ರೆಗಳಿಂದ ಡಬ್ಬಿಗಳಲ್ಲಿ ಬರುವ ತುಂಡುಗಳನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಮೈಕ್ರೋಟೋಮ್‌ನಲ್ಲಿ ಮೂರು ನಾಲ್ಕು ಮೈಕ್ರಾನ್ ದಪ್ಪಕ್ಕೆ ಕೊಯ್ದು, ಗಾಜಿನ ಮೇಲೆ ಹತ್ತಿಸಿ ಬಣ್ಣ ಹಾಕುವವನು ನಾನು. ಇಡೀ ಬೀಜ ನಮ್ಮಲ್ಲಿಗೆ ಬರುವುದು ಜಾಸ್ತಿಯಾಗಿ ವಯಸ್ಸಾದವರದ್ದು. ಪ್ರಾಸ್ಟೇಟ್ ಕ್ಯಾನ್ಸರ್ ಟೆಸ್ಟೋಸ್ಟೆರಾನ್ ಎಂಬ ಗಂಡಸರ ಹಾರ್ಮೋನು ತಿಂದು ಬೆಳೆಯುತ್ತದೆ, ಅದರ ಕಾರ್ಖಾನೆಯಾದ ಬೀಜವನ್ನೇ ತೆಗೆದರೆ ಕ್ಯಾನ್ಸರ್ ಸೊರಗುತ್ತದೆ. 1941ರಲ್ಲಿ ಚಾರ್ಲ್ಸ್ ಹಗಿನ್ಸ್ ಎಂಬ ಸರ್ಜನ್ ತೋರಿಸಿದ್ದು ಇದನ್ನೇ, 1966ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು.

ಡಬ್ಬಿಯಿಂದ ತೆಗೆದಾಗ ಬೀಜ ಹೇಗೆ ಕಾಣುತ್ತದೆ? ಸಿಪ್ಪೆ ಸುಲಿದ ಸಣ್ಣ ಕೋಳಿಮೊಟ್ಟೆಯ ಹಾಗೆ. ನಾಲ್ಕರಿಂದ ಐದು ಸೆಂಟಿಮೀಟರ್ ಉದ್ದ, ಮೂರರ ಹತ್ತಿರ ಅಗಲ. ಬೆನ್ನ ಮೇಲೆ ಬಾಗಿದ ಬಾಲದಂತೆ ಒಂದು ಗಂಟು, ಎಪಿಡಿಡೈಮಿಸ್. ಹೊರಗಿನ ಹೊದಿಕೆ ತೆಳ್ಳಗೆ, ಎರಡು ಪದರ. ಅದೂ ಊರಿಂದ ತಂದದ್ದೇ. ಬೀಜ ಹೊಟ್ಟೆಯಿಂದ ಇಳಿಯುವಾಗ ಹೊಟ್ಟೆಯ ಒಳಪೊರೆಯ ಒಂದು ಚೂರು ಅದರ ಜೊತೆಗೆ ಎಳೆದುಕೊಂಡು ಬರುತ್ತದೆ. ಆಮೇಲೆ ದಾರಿ ಮುಚ್ಚಿಕೊಳ್ಳುತ್ತದೆ, ಕೆಳಗಿನ ಚೂರು ಬೀಜದ ಸುತ್ತ ಉಳಿಯುತ್ತದೆ. ಆ ಎರಡು ಪದರದ ನಡುವೆ ನೀರು ತುಂಬಿದರೆ ಹೈಡ್ರೋಸೀಲ್. ದಾರಿ ಮುಚ್ಚದೆ ಉಳಿದರೆ ಹೊಟ್ಟೆಯ ನೀರೋ ಕರುಳೋ ಅದೇ ಓಣಿಯಲ್ಲಿ ಇಳಿದು ಬರುತ್ತದೆ, ಅದು ಮಕ್ಕಳ ಹರ್ನಿಯಾ. ಹಳಬರು ಎರಡನ್ನೂ ಅಂಡವಾಯು ಎಂದು ಒಂದೇ ಮೂಟೆಗೆ ಕಟ್ಟಿಬಿಡುತ್ತಿದ್ದರು.

ಕರಾವಳಿಯವರಿಗೆ ಹೈಡ್ರೋಸೀಲ್ ಹೊಸದಲ್ಲ. ಆನೆಕಾಲು ರೋಗದ ಹುಳ ದುಗ್ಧನಾಳಗಳಲ್ಲಿ (ಲಿಂಫ್ ಎಂಬ ದ್ರವ ಹರಿಯುವ ನಾಳಗಳು) ಮನೆ ಮಾಡಿದರೆ ಕಾಲು ಮಾತ್ರವಲ್ಲ, ಬೀಜದ ಚೀಲವೂ ಊದುತ್ತದೆ. ಆ ಹುಳದ ಮರಿಗಳನ್ನು ಮೊದಲು ಕಂಡದ್ದು ರಕ್ತದಲ್ಲಿ ಅಲ್ಲ. 1863ರಲ್ಲಿ ಪ್ಯಾರಿಸ್‌ನಲ್ಲಿ ಡೆಮಾರ್ಕೇ ಎಂಬ ಸರ್ಜನ್ ಹೈಡ್ರೋಸೀಲಿನ ನೀರಿನಲ್ಲಿ ಕಂಡ. ನಮ್ಮ ಬಾಲ್ಯದಲ್ಲಿ ರಾತ್ರಿ ಹೊತ್ತು ಮನೆಬಾಗಿಲಿಗೆ ಬಂದು ಬೆರಳು ಚುಚ್ಚಿ ರಕ್ತ ತೆಗೆಯುತ್ತಿದ್ದರು. ಹುಳದ ಮರಿಗಳು ಮೈಮೇಲಿನ ರಕ್ತಕ್ಕೆ ಬರುವುದು ರಾತ್ರಿಯೇ. ನಾವು ನಿದ್ದೆಗಣ್ಣಲ್ಲಿ ಅಳುತ್ತಿದ್ದೆವು.

ಹುಡುಗನ ಟಾರ್ಷನ್ನಿಗೂ ಈ ಪೊರೆಯೇ ಕಾರಣ. ಸಾಮಾನ್ಯವಾಗಿ ಬೀಜದ ಹಿಂಭಾಗ ಚೀಲದ ಗೋಡೆಗೆ ಅಂಟಿಕೊಂಡಿರುತ್ತದೆ. ಕೆಲವರಲ್ಲಿ ಪೊರೆ ಬೀಜವನ್ನು ಸುತ್ತಲೂ ಆವರಿಸಿ, ಅಂಟು ಎಲ್ಲೂ ಇರುವುದಿಲ್ಲ. ಬೀಜ ಗಂಟೆಯ ನಾಲಗೆಯ ಹಾಗೆ ನೇತಾಡುತ್ತದೆ. ಹದಿವಯಸ್ಸಿನಲ್ಲಿ ಅದು ದಿಢೀರನೆ ದಪ್ಪವಾದಾಗ ತಿರುಗುವುದು ಸುಲಭ. ಒಂದು ಕಡೆ ಹೀಗಿದ್ದರೆ ಇನ್ನೊಂದು ಕಡೆಯೂ ಹೀಗೇ ಇರುವ ಸಂಭವ ಹೆಚ್ಚು. ಅದಕ್ಕೇ ಆ ಸರ್ಜನ್ ಎರಡೂ ಬದಿಗೆ ಹೊಲಿಗೆ ಹಾಕಿದ್ದು. ಏನೂ ಆಗದ ಬಲಗಡೆಗೂ ಯಾಕೆ ಕೊಯ್ದರು ಎಂದು ತಂಗಿ ಎರಡು ದಿನ ಬೇಜಾರು ಮಾಡಿಕೊಂಡಿದ್ದಳು.

ಪೊರೆಯ ಕೆಳಗೆ ನಿಜವಾದ ಚಿಪ್ಪು. ಹೊಳೆಯುವ ಬಿಳಿ, ಗಟ್ಟಿ. ಟ್ಯೂನಿಕಾ ಅಲ್ಬುಜಿನಿಯಾ ಎಂದು ಹೆಸರು, 'ಬಿಳಿ ಅಂಗಿ' ಎಂದು ಅರ್ಥ. ಕಸಾಯಿ ಸುಲಿಯುವುದು ಇದನ್ನೇ. ಇದು ಹಿಗ್ಗುವ ಜಾತಿಯದ್ದಲ್ಲ. ಮಂಗನಬಾವು ಬಂದು ಬೀಜ ಊದಿಕೊಂಡಾಗ ಅಷ್ಟು ನೋವಾಗುವುದೂ, ಒಳಗಿನ ನಾಳಗಳು ಅಮುಕಿ ಕೆಲವೊಮ್ಮೆ ಬೀಜ ಸೊರಗಿಹೋಗುವುದೂ ಈ ಬಿಗಿ ಅಂಗಿಯ ದೆಸೆಯಿಂದ.

ನಮ್ಮ ಲ್ಯಾಬಿನ ಡಾಕ್ಟರು ಚಾಕುವಿನಿಂದ ಈ ಅಂಗಿಯನ್ನು ಉದ್ದಕ್ಕೆ ಸೀಳಿದಾಗ ಒಳಗಿನದ್ದು ಉಬ್ಬಿ ಹೊರಗೆ ಬರುತ್ತದೆ. ಮಾಸಲು ಹಳದಿ, ಮೆತ್ತಗೆ. ಆಗ ಅವರು ಚಿಮಟದ ತುದಿಯಿಂದ ಒಂದು ಚೂರನ್ನು ಹಿಡಿದು ಎಳೆಯುತ್ತಾರೆ. ಅದು ತುಂಡಾಗಿ ಕಿತ್ತು ಬರುವುದಿಲ್ಲ. ಎಳೆ ಎಳೆಯಾಗಿ ಬರುತ್ತದೆ, ಒತ್ತುಶಾವಿಗೆಯ ಮಣೆಯಿಂದ ಬಂದಂತೆ, ಆದರೆ ಅದಕ್ಕಿಂತ ಎಷ್ಟೋ ಸಣ್ಣಗೆ, ಕೂದಲಿಗಿಂತ ಒಂದಿಷ್ಟು ದಪ್ಪ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಪ್ರತಿ ಸಲ ಆ ಎಳೆ ಬಂದಾಗ ಪಕ್ಕದಲ್ಲಿ ಬರೆದುಕೊಳ್ಳಲು ನಿಂತ ನನ್ನ ಪೆನ್ನು ನಿಲ್ಲುತ್ತದೆ. ಹೀಗೆ ಎಳೆ ಬಂದರೆ ಅಲ್ಲಿನ ಬೀಜ ನೆಟ್ಟಗಿದೆ ಎಂದು ಲೆಕ್ಕ. ಗಡ್ಡೆ ಬೆಳೆದ ಕಡೆ, ಒಣಗಿ ಗಟ್ಟಿಯಾದ ಕಡೆ ಎಳೆ ಬರುವುದಿಲ್ಲ.

ಬೀಜದ ಒಳಗೆಂದರೆ ಮುಖ್ಯವಾಗಿ ಈ ಎಳೆಗಳೇ. ಬಿಳಿ ಅಂಗಿಯಿಂದ ಒಳಕ್ಕೆ ತೆಳು ಗೋಡೆಗಳು ಹೊರಟು, ಹಿಂಬದಿಯ ಒಂದು ದಪ್ಪ ಕಟ್ಟಿಗೆ ಸೇರುತ್ತವೆ. ಚಕ್ಕೋತದ ತೊಳೆಗಳನ್ನು ನೆನಪಿಸಿಕೊಳ್ಳಿ. ಹಾಗೆ ಸುಮಾರು 250 ಕೋಣೆಗಳು. ಒಂದೊಂದು ಕೋಣೆಯಲ್ಲಿ ಒಂದರಿಂದ ನಾಲ್ಕು ಎಳೆ, ಮುದುಡಿಸಿ ತುರುಕಿಟ್ಟದ್ದು. ಒಂದು ಎಳೆ ಬಿಡಿಸಿದರೆ ಮೊಳದಿಂದ ಒಂದೂವರೆ ಮೊಳ. ಎಲ್ಲವನ್ನೂ ತುದಿಗೆ ತುದಿ ಕಟ್ಟಿದರೆ ಹನ್ನೆರಡು ಡಬ್ಬಿಯ ಲೋಕಲ್ ಗಾಡಿಯ ಉದ್ದವನ್ನೂ ಮೀರಬಹುದು, ಅಂದರೆ 250 ಮೀಟರಿಗೂ ಹೆಚ್ಚು. ಅದೂ ಒಂದೇ ಬೀಜದಲ್ಲಿ! ವಿರಾರ್ ಫಾಸ್ಟ್ ಲೋಕಲ್‌ಗೆ ಜನ ತುಂಬುವವರಿಗೂ ಈ ಲೆಕ್ಕ ಬರುವುದಿಲ್ಲ.

1668ರವರೆಗೂ ಇದರ ಮೇಲೆ ಜಗಳ ಇತ್ತು. ಬೀಜವೆಂದರೆ ಒಂದು ಗ್ರಂಥಿಯ ಮುದ್ದೆ ಎಂದು ಬಹಳ ಜನ ನಂಬಿದ್ದರು. ಆ ವರ್ಷ ಡೆಲ್ಫ್ಟ್ ಊರಿನ ರೆಗ್ನಿಯರ್ ಡಿ ಗ್ರಾಫ್ ಎಂಬ ಡಚ್ ವೈದ್ಯ, ಅದು ಮುದ್ದೆಯಲ್ಲ, ಸಣ್ಣ ಸಣ್ಣ ನಾಳಗಳ ಕಂತೆ ಎಂದು ಬರೆದ. ಆ ನಾಳಗಳ ಒಳಗೆ ಏನು ತಯಾರಾಗುತ್ತದೆ ಎನ್ನುವುದು ಅವನಿಗೆ ಕಂಡಿರಲಿಲ್ಲ. ಒಂಬತ್ತು ವರ್ಷದ ನಂತರ, 1677ರಲ್ಲಿ, ಅದೇ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತನ್ನ ಗಾಜಿನ ಕೆಳಗೆ ಬಾಲವಿರುವ ವೀರ್ಯಾಣುಗಳನ್ನು ಕಂಡ.

ಈಗ ಸ್ಲೈಡ್ ನೋಡೋಣ. ಬೀಜದ ಸಣ್ಣ ಬಯಾಪ್ಸಿಯನ್ನು ನಾವು ಮಾಮೂಲಿ ಫಾರ್ಮಲಿನ್‌ನಲ್ಲಿ ಹಾಕಿಸುವುದಿಲ್ಲ. ಅದರಲ್ಲಿ ನಾಳಗಳು ಮುರುಟಿಕೊಳ್ಳುತ್ತವೆ. ಬೂವೆನ್ ದ್ರಾವಣ ಅಂತ ಒಂದಿದೆ, ಅರಿಶಿನಕ್ಕಿಂತ ಗಾಢ ಹಳದಿ. ಗ್ಲೌಸ್ ಹರಿದರೆ ಎರಡು ದಿನ ಬೆರಳು ಮದುಮಗನ ಬೆರಳು. ಕೊಯ್ದು ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಶಾವಿಗೆಯ ಅಡ್ಡ ಕೊಯ್ತ ಕಾಣುತ್ತದೆ. ದುಂಡು ದುಂಡು ಬಳೆಗಳು ಒತ್ತೊತ್ತಾಗಿ. ಒಂದೊಂದು ಬಳೆಯ ಅಗಲ ಮಿಲಿಮೀಟರಿನ ಐದನೇ ಒಂದು ಭಾಗ. ಬಳೆಯ ಅಂಚಿನಲ್ಲಿ ಗುಂಡಗಿನ ತಾಯಿಕೋಶಗಳು. ಒಳಕ್ಕೆ ಬಂದಂತೆ ದೊಡ್ಡ ಕೋಶಗಳು, ಅವುಗಳ ವರ್ಣತಂತುಗಳು ಬಿಚ್ಚಿದ ನೂಲಿನುಂಡೆಯಂತೆ. ಇನ್ನೂ ಒಳಕ್ಕೆ ಸಣ್ಣ ದುಂಡು ಕೋಶಗಳು. ನಡುವಿನ ಖಾಲಿ ಜಾಗದ ಅಂಚಿನಲ್ಲಿ ಅಲ್ಪವಿರಾಮದಂತೆ ಕಪ್ಪು ಗೀರುಗಳು, ಬಾಲ ನಡುವಿಗೆ ಚಾಚಿಕೊಂಡು. ಅವೇ ವೀರ್ಯಾಣು. ಅಂಚಿನಿಂದ ನಡುವಿನವರೆಗಿನ ಈ ಪ್ರಯಾಣ ಕೂದಲೆಳೆಯಷ್ಟು ದೂರ. ಹಿಡಿಯುವ ಕಾಲ ಸುಮಾರು 64 ದಿನ.

ದಾರಿಯಲ್ಲಿ 46 ವರ್ಣತಂತು 23 ಆಗಬೇಕು. ಅರ್ಧ ಮಾಡುವುದೆಂದರೆ ಸುಮ್ನೆ ಎರಡು ಪಾಲು ಮಾಡುವುದಲ್ಲ. ಅಪ್ಪನಿಂದ ಬಂದದ್ದೂ ಅಮ್ಮನಿಂದ ಬಂದದ್ದೂ ಜೋಡಿಯಾಗಿ ಕೂತು, ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುತ್ತವೆ. ಒಬ್ಬರ ಎರಡು ವೀರ್ಯಾಣು ಒಂದೇ ತರಹ ಇರದಿರುವುದು ಇದರಿಂದ.

ಈ ಕೋಶಗಳ ನಡುವೆ ಅಂಚಿನಿಂದ ನಡುವಿನವರೆಗೂ ಎದ್ದು ನಿಂತ ಇನ್ನೊಂದು ಜಾತಿಯ ಕೋಶ ಇದೆ. ಹೊಸಬರ ಕಣ್ಣಿಗೆ ಅದು ಬೀಳುವುದೇ ಇಲ್ಲ, ಗಡಿ ಅಷ್ಟು ಅಸ್ಪಷ್ಟ. 1865ರಲ್ಲಿ ಎನ್ರಿಕೋ ಸರ್ಟೋಲಿ ಎಂಬ ಇಟಲಿಯ ಯುವಕ ಇದನ್ನು ವಿವರಿಸಿದ, ಹೆಸರೂ ಸರ್ಟೋಲಿ ಕೋಶ ಎಂದೇ ನಿಂತಿತು. ಬೀಜದಲ್ಲಿ ನನಗೆ ಅತಿ ಮೆಚ್ಚಿನದು ಇದೇ. ವೀರ್ಯಾಣು ಎಲ್ಲರ ಬಾಯಲ್ಲಿ ಇದೆ, ಅದನ್ನು ಸಾಕಿದ್ದು ಯಾರು ಎಂದು ಯಾರೂ ಕೇಳುವುದಿಲ್ಲ. ಬೆಳೆಯುವ ಕೋಶಗಳನ್ನು ಸರ್ಟೋಲಿ ತನ್ನ ಮೈಯ ಮಡಿಕೆಗಳಲ್ಲಿ ಹುದುಗಿಸಿಕೊಂಡಿರುತ್ತದೆ. ಊಟ ಕೊಡುವುದು ಅದು. ಬಾಲ ಮೂಡುವಾಗ ಬೇಡವಾಗಿ ಉದುರಿದ ಚೂರುಗಳನ್ನು ನುಂಗಿ ಕಸ ಗುಡಿಸುವುದೂ ಅದೇ. ಕೊನೆಗೆ ಬಿಟ್ಟು ಕಳಿಸುವುದೂ ಅದೇ. ಒಂದು ಸರ್ಟೋಲಿ ಸಾಕಬಲ್ಲದ್ದು ಇಷ್ಟೇ ಮಕ್ಕಳನ್ನು ಎಂದು ಮಿತಿ ಇದೆ, ಪ್ರಾಯಕ್ಕೆ ಬಂದ ಮೇಲೆ ಅವುಗಳ ಸಂಖ್ಯೆ ಹೆಚ್ಚುವುದೂ ಇಲ್ಲ. ಹಾಗಾಗಿ ಗಂಡಸೊಬ್ಬನ ವೀರ್ಯಾಣುವಿನ ಲೆಕ್ಕ ಅವನ ಬಾಲ್ಯದಲ್ಲೇ ಹೆಚ್ಚುಕಡಿಮೆ ಬರೆದಾಗಿರುತ್ತದೆ.

ಸರ್ಟೋಲಿಗಳ ಇನ್ನೊಂದು ಕೆಲಸ ಕಾವಲು. ಅಕ್ಕಪಕ್ಕದ ಸರ್ಟೋಲಿಗಳು ಒಂದನ್ನೊಂದು ಬಿಗಿಯಾಗಿ ಹಿಡಿದು ಗೋಡೆ ಕಟ್ಟುತ್ತವೆ. ರಕ್ತದಲ್ಲಿರುವ ಎಲ್ಲವೂ ಆ ಗೋಡೆ ದಾಟಿ ಒಳಗೆ ಬರುವಂತಿಲ್ಲ. ಯಾಕೆ ಇಷ್ಟು ಬಂದೋಬಸ್ತು? ದೇಹದ ರೋಗನಿರೋಧಕ ಪಡೆ ತನ್ನವರು ಯಾರು, ಹೊರಗಿನವರು ಯಾರು ಎಂದು ಗುರುತು ಹಿಡಿಯಲು ಕಲಿಯುವುದು ಬಹಳ ಮೊದಲೇ. ವೀರ್ಯಾಣು ಹುಟ್ಟುವುದು ಹದಿವಯಸ್ಸಿನಲ್ಲಿ. ಪಡೆಯ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಕಂಡರೆ ಕಳ್ಳ ಎಂದು ಹಿಡಿದು ಬಡಿದೀತು. ಬೆಳೆಯುವ ಕೋಶ ಈ ಗೋಡೆಯನ್ನು ದಾಟಬೇಕಾದಾಗ ಝವೇರಿ ಬಜಾರಿನ ಚಿನ್ನದ ಅಂಗಡಿಯ ಜೋಡಿ ಬಾಗಿಲಿನ ಉಪಾಯ ನಡೆಯುತ್ತದೆ. ಹಿಂದೆ ಹೊಸ ಬಾಗಿಲು ಮುಚ್ಚಿಕೊಂಡ ಮೇಲೆಯೇ ಮುಂದಿನ ಹಳೆಯದು ತೆರೆಯುತ್ತದೆ. ಪೆಟ್ಟಿನಿಂದಲೋ ಆಪರೇಷನ್ನಿನಿಂದಲೋ ಗೋಡೆ ಒಡೆದರೆ ವೀರ್ಯಾಣುವಿನ ವಿರುದ್ಧವೇ ಆಂಟಿಬಾಡಿ ಹುಟ್ಟುವುದುಂಟು.

ಬಳೆಗಳ ಸಂದಿಯಲ್ಲಿ, ರಕ್ತನಾಳಗಳ ಪಕ್ಕ, ಗುಲಾಬಿ ಬಣ್ಣದ ದಪ್ಪ ಕೋಶಗಳ ಗುಂಪು ಕಾಣುತ್ತದೆ. 1850ರಲ್ಲಿ ಫ್ರಾಂಟ್ಸ್ ಲೇಡಿಗ್ ಎಂಬ ಜರ್ಮನ್ ವಿಜ್ಞಾನಿ ಇವನ್ನು ಗುರುತಿಸಿದ, ಹೆಸರೂ ಲೇಡಿಗ್ ಕೋಶ. ಟೆಸ್ಟೋಸ್ಟೆರಾನ್ ಮಾಡುವವು ಇವೇ. ಮೀಸೆ, ದಪ್ಪ ಧ್ವನಿ, ಸ್ನಾಯು ಎಲ್ಲ ಇವುಗಳ ಕೃಪೆ. ಬೀಜದ ಒಳಗೆ ಈ ಹಾರ್ಮೋನು ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ, ಅಷ್ಟಿದ್ದರೇ ವೀರ್ಯಾಣು ತಯಾರಾಗುವುದು. ಈಗ ನಮ್ಮ ಕಡೆಯ ಜಿಮ್‌ಗಳಲ್ಲಿ ಹುಡುಗರು ಟೆಸ್ಟೋಸ್ಟೆರಾನ್ ಚುಚ್ಚಿಕೊಳ್ಳುತ್ತಾರೆ. ರಕ್ತದಲ್ಲಿ ಧಾರಾಳವಾಗಿ ಕಂಡ ಕೂಡಲೇ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಬೀಜಕ್ಕೆ ಹುಕುಂ ಕಳಿಸುವುದನ್ನು ನಿಲ್ಲಿಸುತ್ತದೆ. ಲೇಡಿಗ್ ಕೆಲಸ ಬಿಡುತ್ತದೆ. ತೋಳು ದಪ್ಪ, ಬೀಜ ಸಣ್ಣ, ವೀರ್ಯಾಣು ಸೊನ್ನೆ. ಗಂಡಸುತನ ಹೆಚ್ಚಿಸಲು ಹೋಗಿ ಅಪ್ಪನಾಗುವುದನ್ನೇ ನಿಲ್ಲಿಸಿಕೊಂಡವರ ರಿಪೋರ್ಟು ನೋಡಿದಾಗ ಸಿಟ್ಟೂ ಬರುತ್ತದೆ, ಅಯ್ಯೋ ಎನ್ನಿಸುತ್ತದೆ. ಚುಚ್ಚುವುದು ನಿಲ್ಲಿಸಿದರೆ ಹಲವರಿಗೆ ತಿಂಗಳುಗಟ್ಟಲೆ ಕಾದ ಮೇಲೆ ಸರಿಹೋಗುತ್ತದೆ.

ಬೀಜ ಊರು ಬಿಟ್ಟು ಕೆಳಗೆ ಬಂದದ್ದಾದರೂ ಯಾಕೆ ಎಂಬ ಪ್ರಶ್ನೆ ಉಳಿಯಿತು. ಉತ್ತರ ತಂಪು. ನಮ್ಮ ಬೀಜಕ್ಕೆ ಮೈಯ ಬಿಸಿಗಿಂತ ಎರಡರಿಂದ ನಾಲ್ಕು ಡಿಗ್ರಿ ಕಡಿಮೆ ಬೇಕು. ಚೀಲದ ಚರ್ಮದಡಿ ಕೊಬ್ಬಿಲ್ಲ, ಬೆವರು ಗ್ರಂಥಿ ಬೇಕಾದಷ್ಟು. ಊರಿನ ಹೊಳೆಗೆ ಬೆಳಬೆಳಿಗ್ಗೆ ಇಳಿದವರಿಗೆ ಗೊತ್ತು, ಚಳಿಗೆ ಚೀಲ ಮುದುಡಿ ಬೀಜ ಮೇಲೇರುತ್ತದೆ, ಮೇ ತಿಂಗಳ ಸೆಕೆಗೆ ಜೋತುಬೀಳುತ್ತದೆ. ಆದರೆ ಮೇಲಿನಿಂದ ಬರುವ ರಕ್ತವೇ ಬಿಸಿಯಲ್ವಾ? ಅದಕ್ಕೊಂದು ಜಾಣ ಏರ್ಪಾಟಿದೆ. ಬೀಜದಿಂದ ವಾಪಸು ಹೋಗುವ ಸಿರೆಗಳು ಹೀರೆಬಳ್ಳಿಯ ಕುಡಿಗಳಂತೆ ಹತ್ತಾರಾಗಿ ಕವಲೊಡೆದು, ಇಳಿದು ಬರುವ ಧಮನಿಯನ್ನು ತಬ್ಬಿಕೊಂಡಿರುತ್ತವೆ. ಏರುವ ತಂಪು ರಕ್ತ ಇಳಿಯುವ ಬಿಸಿ ರಕ್ತದ ಕಾವನ್ನು ದಾರಿಯಲ್ಲೇ ಕಿತ್ತುಕೊಳ್ಳುತ್ತದೆ.

ಎಲ್ಲ ಪ್ರಾಣಿಗೂ ಈ ಕಟ್ಟುಪಾಡಿಲ್ಲ. ಆನೆಯ ಬೀಜ ಇಂದಿಗೂ ಕಿಡ್ನಿಯ ಹತ್ತಿರವೇ ಇದೆ. ಕೋಳಿ ಕೊಯ್ಯುವುದನ್ನು ನೋಡಿದ್ದರೆ ನೆನಪಿರಬಹುದು, ಹುಂಜದ ಬೀಜ ಬೆನ್ನಿಗಂಟಿಕೊಂಡು ಒಳಗೇ ಇರುತ್ತದೆ, ಅದರ ಮೈಯೋ ನಮ್ಮದಕ್ಕಿಂತ ಬಿಸಿ. ಇದರ ಮೇಲೆ ಜೀವವಿಜ್ಞಾನಿಗಳು ಇನ್ನೂ ಕಿತ್ತಾಡುತ್ತಿದ್ದಾರೆ. ನಮ್ಮ ಮಟ್ಟಿಗಂತೂ ಬಿಸಿ ಆಗಿಬರುವುದಿಲ್ಲ. ಜೋರು ಜ್ವರ ಬಂದುಹೋದ ಮೇಲೆ ಮುಂದಿನ ಎರಡು ಮೂರು ತಿಂಗಳು ವೀರ್ಯಾಣು ಕಡಿಮೆ ಇರುವುದು ಸಾಮಾನ್ಯ. ಆ 64 ದಿನದ ಸಾಲು ನೆನಪಿದೆಯಲ್ಲ? ಇವತ್ತಿನ ಪೆಟ್ಟು ಕಾಣಿಸುವುದು ಆಮೇಲೆ. ಹಾಗೇ, ಇಳಿಯದೆ ಹೊಟ್ಟೆಯಲ್ಲೋ ತೊಡೆಸಂದಿಯಲ್ಲೋ ಉಳಿದ ಬೀಜ. ದಿನ ತುಂಬಿ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ಸುಮಾರು ಮೂವರಿಗೆ ಹೀಗಿರುತ್ತದೆ, ಕೆಲವು ತಿಂಗಳಲ್ಲಿ ಹಲವು ತಾವಾಗಿ ಇಳಿಯುತ್ತವೆ. ಆರು ತಿಂಗಳಾದರೂ ಇಳಿಯದಿದ್ದರೆ ಡಾಕ್ಟರು ಒಂದು, ಒಂದೂವರೆ ವರ್ಷದೊಳಗೆ ಇಳಿಸಿ ಹೊಲಿಯುತ್ತಾರೆ. 'ದೊಡ್ಡವನಾದ ಮೇಲೆ ಸರಿಹೋಗ್ತದೆ' ಎಂದು ಅಜ್ಜಿಯಂದಿರು ಹೇಳಿದರೆ ಕೇಳಬೇಡಿ. ಒಳಗೇ ಉಳಿದದ್ದು ಕೆಡುತ್ತದೆ, ಕ್ಯಾನ್ಸರಿನ ಸಂಭವವೂ ಹೆಚ್ಚು.

ಊರಿನ ನಂಟು ಇನ್ನೆರಡು ಕಡೆ ತಲೆಹಾಕುತ್ತದೆ. ಬಲಬೀಜದ ಸಿರೆ ನೇರ ಮಹಾಸಿರೆಗೆ ಸೇರುತ್ತದೆ. ಎಡದ್ದು ಎಡ ಕಿಡ್ನಿಯ ಸಿರೆಗೆ, ಅದೂ ಲಂಬಕೋನದಲ್ಲಿ. ಅಷ್ಟುದ್ದ ರಕ್ತ ಏರಬೇಕು, ಕೊನೆಯಲ್ಲಿ ಬೇರೆಯವರ ರಸ್ತೆಗೆ ಅಡ್ಡಬಂದು ಸೇರಬೇಕು. ಹಾಗಾಗಿ ಹಿಂದೆ ನಿಂತ ರಕ್ತದಿಂದ ಸಿರೆಗಳು ಉಬ್ಬಿ ಚರ್ಮದಡಿ ಎರೆಹುಳಗಳ ಗಂಟಿನಂತೆ ತಾಗುವ ವೇರಿಕೋಸೀಲ್ ಬರುವುದು ಬಹುತೇಕ ಎಡಗಡೆಗೇ. ಗಂಡಸರಲ್ಲಿ ಸುಮಾರು ನೂರಕ್ಕೆ ಹದಿನೈದು ಮಂದಿಗೆ ಇದಿದೆ, ಎಲ್ಲರಿಗೂ ತೊಂದರೆ ಕೊಡುವುದಿಲ್ಲ. ಇನ್ನೊಂದು ದುಗ್ಧನಾಳ. ಚೀಲದ ಚರ್ಮದ ದುಗ್ಧ ತೊಡೆಸಂದಿಯ ಗಂಟಿಗೆ ಹೋಗುತ್ತದೆ, ಅದು ಸ್ಥಳೀಯ. ಬೀಜದ್ದು ಹೊಟ್ಟೆಯೊಳಗೆ, ಮಹಾಧಮನಿಯ ಪಕ್ಕದ ಗಂಟಿಗೆ ಹೋಗುತ್ತದೆ. ಬೀಜದ ಕ್ಯಾನ್ಸರ್ ಹರಡುವುದು ಅಲ್ಲಿಗೇ. ಸಂಶಯದ ಗಡ್ಡೆಯನ್ನು ಸರ್ಜನ್‌ಗಳು ಚೀಲ ಕೊಯ್ದು ತೆಗೆಯದೆ ತೊಡೆಸಂದಿಯಿಂದ ಎಳೆದು ತೆಗೆಯುವುದಕ್ಕೂ, ಸೂಜಿ ಚುಚ್ಚಿ ನೋಡಲು ಹಿಂಜರಿಯುವುದಕ್ಕೂ ಕಾರಣ ಇದೇ. ಕೆಳಗಿನ ದಾರಿಗೂ ಕ್ಯಾನ್ಸರಿಗೆ ಪರಿಚಯ ಮಾಡಿಕೊಡಬಾರದು. ಈ ಕ್ಯಾನ್ಸರ್ ಹೆಚ್ಚಾಗಿ ಹದಿನೈದರಿಂದ ನಲವತ್ತರ ಪ್ರಾಯದವರದ್ದು. ನೋವಿಲ್ಲದ ಗಟ್ಟಿ ಗಂಟು ಅದರ ಗುರುತು. ಬೇಗ ಸಿಕ್ಕರೆ ಬಹುತೇಕ ಎಲ್ಲರೂ ಗುಣವಾಗುತ್ತಾರೆ. ಸ್ನಾನದ ಹೊತ್ತಿಗೆ ತಿಂಗಳಿಗೊಮ್ಮೆ ಎರಡನ್ನೂ ಬೆರಳಲ್ಲಿ ಉರುಳಿಸಿ ನೋಡಿಕೊಳ್ಳಲು ನಿಮಿಷ ಸಾಕು. ಹಿಂಬದಿಯ ಮೆತ್ತಗಿನ ಗಂಟು ಎಪಿಡಿಡೈಮಿಸ್, ಅದನ್ನು ಮುಟ್ಟಿ ಹೆದರಬೇಡಿ.

ಆ ಎಪಿಡಿಡೈಮಿಸ್ ಕೂಡ ಶಾವಿಗೆಯೇ, ಆದರೆ ಒಂದೇ ಎಳೆ. ಎಲ್ಲ ಕೋಣೆಗಳ ಎಳೆಗಳೂ ಹಿಂಬದಿಯ ಬಲೆಯಂಥ ಜಾಗಕ್ಕೆ ಬಂದು, ಅಲ್ಲಿಂದ ಹದಿನೈದಿಪ್ಪತ್ತು ಸಣ್ಣ ನಾಳಗಳಾಗಿ ಹೊರಟು, ಈ ಒಂದೇ ನಾಳಕ್ಕೆ ಸೇರುತ್ತವೆ. ಬೆರಳುದ್ದದ ಜಾಗದಲ್ಲಿ ಆರು ಮೀಟರ್ ನಾಳ. ಬೀಜದಿಂದ ಹೊರಟ ವೀರ್ಯಾಣುವಿಗೆ ಬಾಲ ಇರುತ್ತದೆ, ಈಜು ಬರುವುದಿಲ್ಲ. ಈ ಆರು ಮೀಟರ್ ದಾಟುವ ದಿನಗಳಲ್ಲಿ ಅದು ಈಜು ಕಲಿಯುತ್ತದೆ.

ಮಕ್ಕಳಾಗದವರ ಬಯಾಪ್ಸಿ ನೋಡುವಾಗ ಈ ನಕ್ಷೆ ತುಂಬಾ ಉಪಯೋಗಕ್ಕೆ ಬರುತ್ತದೆ. ವೀರ್ಯದಲ್ಲಿ ವೀರ್ಯಾಣುವೇ ಇಲ್ಲ ಎಂದರೆ ಎರಡು ಸಾಧ್ಯತೆ: ಕಾರ್ಖಾನೆ ನಡೆಯುತ್ತಿದೆ, ರಸ್ತೆ ಬಂದ್. ಅಥವಾ ರಸ್ತೆ ಸರಿ ಇದೆ, ಕಾರ್ಖಾನೆಯೇ ಬಂದ್. ಕೆಲವು ಸ್ಲೈಡ್‌ಗಳಲ್ಲಿ ಬಳೆಗಳ ಒಳಗೆ ಸರ್ಟೋಲಿ ಮಾತ್ರ ಇರುತ್ತವೆ, ಸಾಕಲು ಮಕ್ಕಳೇ ಇಲ್ಲ. ಆದರೂ ಒಂದು ಮೂಲೆಯ ಎಳೆ ಖಾಲಿ ಇದ್ದ ಮಾತ್ರಕ್ಕೆ ಇನ್ನೊಂದು ಮೂಲೆಯದ್ದೂ ಖಾಲಿ ಇರಬೇಕೆಂದಿಲ್ಲ. 1990ರ ದಶಕದ ಕೊನೆಗೆ ನ್ಯೂಯಾರ್ಕಿನ ಡಾಕ್ಟರ್ ಪೀಟರ್ ಶ್ಲೆಗೆಲ್ ಇದನ್ನೇ ಹಿಡಿದು ಹೊರಟರು. ಬೀಜವನ್ನು ತೆರೆದು, ಆಪರೇಷನ್ ಮೈಕ್ರೋಸ್ಕೋಪಿನಲ್ಲಿ ಶಾವಿಗೆಯನ್ನು ಎಳೆ ಎಳೆಯಾಗಿ ನೋಡಿ, ಉಳಿದವಕ್ಕಿಂತ ದಪ್ಪಗೆ ಬೆಳ್ಳಗೆ ಇರುವ ಎಳೆಯನ್ನು ಹುಡುಕಿ ಕತ್ತರಿಸುವುದು. ದಪ್ಪಗಿದ್ದರೆ ಒಳಗೆ ಬೆಳೆ ಇದೆ ಎಂದರ್ಥ. ನಾಲ್ಕಾರು ವೀರ್ಯಾಣು ಸಿಕ್ಕರೂ ಸಾಕು, ಒಂದನ್ನು ಸೂಜಿಯಿಂದ ಅಂಡಾಣುವಿನೊಳಗೆ ಬಿಡುವ ವಿದ್ಯೆ 1992ರಿಂದ ಇದೆ. 1986ರ ಆಗಸ್ಟಿನಲ್ಲಿ ಇದೇ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ಕೈಯಲ್ಲಿ ಟೆಸ್ಟ್‌ಟ್ಯೂಬ್ ಮಗು ಹುಟ್ಟಿದಾಗ ಆ ವಿದ್ಯೆ ಇನ್ನೂ ಬಂದಿರಲಿಲ್ಲ.

ಹುಡುಗನ ಹೊಲಿಗೆ ಬಿಚ್ಚಿದ ವಾರ ಅವನಿಗೆ ಕಾಗದದ ಮೇಲೆ ಇದನ್ನೆಲ್ಲ ಬಿಡಿಸಿ ತೋರಿಸಿದೆ. ಮೊದಲು ನಾಚಿಕೊಂಡ. ಆಮೇಲೆ ಪೆನ್ಸಿಲ್ ಕಿತ್ತುಕೊಂಡ. ಎಪಿಡಿಡೈಮಿಸ್‌ನ ಬಾಲದಿಂದ ಮುಂದೆ ಹೊರಡುವ ನಾಳವನ್ನು, ನಸಬಂದಿಯಲ್ಲಿ ಕತ್ತರಿಸುವ ಆ ವಾಸ್ ಡಿಫರೆನ್ಸನ್ನು, ನೇರ ಮುಂದಕ್ಕೆ ಎಳೆದುಬಿಟ್ಟ. ಬೀಜ ಇಲ್ಲಿದೆ, ಹೊರಗೆ ಹೋಗುವ ದಾರಿ ನಾಲ್ಕು ಬೆರಳು ಮುಂದಿದೆ, ಅಷ್ಟೇ ಅಲ್ಲವಾ ಎಂದು ಅವನ ಲೆಕ್ಕ. ಅಳಿಸಿ ಸರಿಯಾಗಿ ಬರೆಸಿದೆ. ನಾಳ ಬೀಜ ಇಳಿದು ಬಂದ ಅದೇ ಓಣಿಯಲ್ಲಿ ವಾಪಸು ಹೊಟ್ಟೆಗೆ ಏರುತ್ತದೆ. ಒಳಗೆ ಹೋಗಿ, ಕಿಡ್ನಿಯಿಂದ ಮೂತ್ರ ತರುವ ನಾಳದ ಮೇಲಿಂದ ಕೊಕ್ಕೆಯಂತೆ ಬಳಸಿ, ಮೂತ್ರಚೀಲದ ಹಿಂದೆ ಇಳಿದು, ಪ್ರಾಸ್ಟೇಟ್ ತೂರಿ ಆಮೇಲೆ ಹೊರಗೆ. ನಲವತ್ತೈದು ಸೆಂಟಿಮೀಟರ್ ಸುತ್ತು.

"ಸೀದಾ ಹೋಗ್ಬಹುದಿತ್ತಲ್ಲ, ಮಾವ?" ಅಂದ.

ಸೀದಾ ಹೋಗಬಹುದಿತ್ತು, ಬೀಜ ಮೊದಲಿಂದಲೂ ಕೆಳಗೇ ಹುಟ್ಟಿದ್ದರೆ. ಅದು ಮೇಲಿದ್ದಾಗ ನಾಳ ಕಟ್ಟಿಕೊಂಡಾಗಿತ್ತು. ಇಳಿಯುವಾಗ ಮೂತ್ರನಾಳದ ಮೇಲಿಂದ ಹಾಗೇ ಎಳೆದುಕೊಂಡು ಬಂತು. ಅವನು ಸ್ವಲ್ಪ ಹೊತ್ತು ಚಿತ್ರ ನೋಡಿ, ಕಿಡ್ನಿಯ ಪಕ್ಕದಲ್ಲಿ ಚುಕ್ಕಿ ಗೆರೆಯಲ್ಲಿ ಇನ್ನೊಂದು ಪುಟ್ಟ ಬೀಜ ಬರೆದು, ಅಲ್ಲಿಂದ ಕೆಳಗಿನವರೆಗೆ ಬಾಣದ ಗುರುತು ಹಾಕಿದ.